ಬೋಪಣ್ಣ ಆಟ ನಿಲ್ಲಿಸಿದರು. ಡಬಲ್ಸ್ ಆಟಗಾರನ ದೊಡ್ಡತನ ಅಳೆಯೋದು ಹೇಗೆ?

ಕಬ್ಬನ್ ಪಾರ್ಕ್ ಗ್ಯಾಲರಿ

2025ರ ನವೆಂಬರ್ 1ಕ್ಕೆ ಟೆನಿಸ್ ಆಟಗಾರ ರೋಹನ್ ಬೋಪಣ್ಣ ನಿವೃತ್ತಿ ಹೇಳಿದರು. ವಯಸ್ಸು 45. ಕೊನೆಯ ಟೂರ್ನಿ ಪ್ಯಾರಿಸ್ ಮಾಸ್ಟರ್ಸ್, ಜೊತೆಗಾರ ಅಲೆಕ್ಸಾಂಡರ್ ಬುಬ್ಲಿಕ್. ಅವತ್ತೇ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು ಬರೆದರು: "ಒಳ್ಳೆ ಆಟಗಾರ, ಆದ್ರೆ ಬರೀ ಡಬಲ್ಸ್ ಅಲ್ವಾ?" ಈ ಮಾತು ನನಗೆ ಜೀರ್ಣ ಆಗ್ತಿಲ್ಲ. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಸಾಧನೆ ಎಲ್ಲರಿಗೂ ಗೊತ್ತಿರೋದೇ. 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅದೇ ವಾರ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್. ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ, ವವಸೋರಿ ವಿರುದ್ಧ 7-6, 7-5. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ. ಅದಕ್ಕೂ ಮುಂಚೆ 2017ರಲ್ಲಿ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ (ಗಂಡು, ಹೆಣ್ಣು ಜೋಡಿ). ಅಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಕೊನೆಯ ಟೈಬ್ರೇಕ್ 12-10ಕ್ಕೆ ಗೆದ್ದಿದ್ದು.

ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಮೇಲಿನ ಸ್ಥಾನ 213, 2007ರಲ್ಲಿ. ಬರೀ ಸಿಂಗಲ್ಸ್ ಲೆಕ್ಕ ಹಿಡಿದರೆ ಈ ಮನುಷ್ಯ ಚರಿತ್ರೆಯಲ್ಲಿ ಇಲ್ಲವೇ ಇಲ್ಲ. ಡಬಲ್ಸ್ ಮತ್ತು ಡೇವಿಸ್ ಕಪ್ (ದೇಶಗಳ ನಡುವಿನ ತಂಡ ಸ್ಪರ್ಧೆ) ಸೇರಿಸಿದರೆ ನಮ್ಮ ರಾಜ್ಯ ಕಂಡ ದೊಡ್ಡ ಟೆನಿಸ್ ಆಟಗಾರ. ಎರಡರ ಮಧ್ಯೆ ಇಷ್ಟು ಅಂತರ ಇದೆ ಅಂದ್ರೆ ಅಳೆಯೋ ಕೋಲಲ್ಲೇ ಏನೋ ತೊಂದರೆ ಇದೆ ಅಂತ ನನ್ನ ಅಭಿಪ್ರಾಯ.

ಬೇಸ್‌ಲೈನ್ ಭಕ್ತ

ನಮ್ಮೂರಿನವರು ಅನ್ನೋ ಪ್ರೀತಿ ನನಗೂ ಇದೆ. ಆದರೆ ಪ್ರೀತಿ ಬೇರೆ, ಅಳತೆ ಬೇರೆ.

ಸಿಂಗಲ್ಸ್‌ನ ಮೊದಲ ಹತ್ತು ಜನರಲ್ಲಿ ಎಷ್ಟು ಮಂದಿ ಗ್ರ್ಯಾಂಡ್‌ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿ) ಡಬಲ್ಸ್ ಆಡ್ತಾರೆ? ಹೆಚ್ಚುಕಮ್ಮಿ ಯಾರೂ ಇಲ್ಲ. ಐದು ಸೆಟ್ ಸಿಂಗಲ್ಸ್ ಆಡಿ ಮಾರನೇ ದಿನ ಡಬಲ್ಸ್‌ಗೆ ಬರೋಕೆ ಮೈಯಲ್ಲಿ ಶಕ್ತಿ ಇರಲ್ಲ. ಹಾಗಾಗಿ ಡಬಲ್ಸ್ ಗೆಲ್ಲೋರು ಆಟದ ಅತ್ಯುತ್ತಮರನ್ನ ಸೋಲಿಸಿ ಗೆಲ್ಲೋದಿಲ್ಲ. ಟೂರ್‌ನಲ್ಲಂತೂ 2006ರಿಂದ ಡಬಲ್ಸ್ ಅನ್ನು ಚಿಕ್ಕದು ಮಾಡಿದ್ದಾರೆ. ಡ್ಯೂಸ್ (40-40) ಆದರೆ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ. ಮೂರನೇ ಸೆಟ್ ಬದಲು 10 ಪಾಯಿಂಟ್ ಟೈಬ್ರೇಕ್.

ಇನ್ನು ವಯಸ್ಸು. ಸಿಂಗಲ್ಸ್‌ನಲ್ಲಿ ಜೊಕೊವಿಚ್ 37ಕ್ಕೆ ನಂಬರ್ ಒನ್ ಆಗಿದ್ದದ್ದೇ ಪುರುಷರಲ್ಲಿ ದಾಖಲೆ. ಡಬಲ್ಸ್‌ನಲ್ಲಿ 43. ಬೋಪಣ್ಣ ಅವರ ಶ್ರಮಕ್ಕೆ ನಮಸ್ಕಾರ. ಆದರೆ 43ಕ್ಕೆ ಶಿಖರ ಹತ್ತಬಹುದು ಅಂದ್ರೆ ಆ ಬೆಟ್ಟ ಸ್ವಲ್ಪ ಚಿಕ್ಕದು ಅಂತಲೇ ಅರ್ಥ.

ನೆಟ್ ಹತ್ರ

ಭಕ್ತರೇ, ಸ್ಪರ್ಧೆ ತೆಳು ಅನ್ನೋದನ್ನ ಒಪ್ತೀನಿ. ಆದರೆ "ಚಿಕ್ಕದು" ಅನ್ನೋದನ್ನ ಒಪ್ಪಲ್ಲ. ಅದು ಬೇರೆ ಕೆಲಸ. ನಾನು ಮಕ್ಕಳಿಗೆ ಟೆನಿಸ್ ಹೇಳಿಕೊಡ್ತೀನಿ, ಅಲ್ಲಿ ನೋಡಿದ್ದನ್ನೇ ಹೇಳ್ತೀನಿ.

ಸಿಂಗಲ್ಸ್ ರಿಟರ್ನ್ ಅಂಗಳದ ನಡುವೆ ಆಳವಾಗಿ ಬಿದ್ದರೆ ಸಾಕು, ರ‍್ಯಾಲಿ ಶುರುವಾಗುತ್ತೆ. ಡಬಲ್ಸ್‌ನಲ್ಲಿ ಅದೇ ರಿಟರ್ನ್ ಹೊಡೆದರೆ ನೆಟ್ ಹತ್ರ ನಿಂತವನು ಅಡ್ಡ ಬಂದು ಮುಗಿಸಿಬಿಡ್ತಾನೆ. ಚೆಂಡು ನೆಟ್ ಮೇಲೆ ಒಂದು ಗೇಣಿಗಿಂತ ಎತ್ತರ ಹೋಗಬಾರದು, ಅಡ್ಡಡ್ಡ ಹೋಗಬೇಕು, ಮುಂದೆ ಓಡಿ ಬರ್ತಿರೋ ಸರ್ವರ್‌ನ ಕಾಲ ಬುಡಕ್ಕೇ ಬೀಳಬೇಕು. ಇಷ್ಟನ್ನೂ ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಎದುರು ಮಾಡಬೇಕು.

ಸರ್ವ್ ಮಾಡೋನ ಕಡೆಯೂ ಅಷ್ಟೇ. ಪ್ರತಿ ಪಾಯಿಂಟ್‌ಗೂ ಮುಂಚೆ ಜೊತೆಗಾರ ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಕೊಡ್ತಾನೆ. ಎಲ್ಲಿಗೆ ಸರ್ವ್ ಮಾಡಬೇಕು, ತಾನು ಅಡ್ಡ ಹಾಯ್ತೀನಾ ಅಥವಾ ಇದ್ದಲ್ಲೇ ಇರ್ತೀನಾ ಅಂತ. ಒಮ್ಮೊಮ್ಮೆ ನೆಟ್ ನಡುವೆ ಮಂಡಿಯೂರಿ ಕೂತು, ಸರ್ವ್ ತಲೆ ಮೇಲೆ ಹಾಯ್ದ ಮೇಲೆ ಎದ್ದು ಒಂದು ಕಡೆಗೆ ನುಗ್ತಾನೆ. ಈಗ ಯೋಚನೆ ಮಾಡಿ. ಮಧ್ಯದ ಗೆರೆಗೆ ಅಂತ ಮಾತಾಗಿದ್ದ ಸರ್ವ್ ಎರಡಡಿ ಹೊರಗೆ ಬಿದ್ದರೆ ಏನಾಗುತ್ತೆ? ಜೊತೆಗಾರ ತಪ್ಪು ಕಡೆ ಹೋಗಿರ್ತಾನೆ, ಪಾಯಿಂಟ್ ಹೋಯ್ತು. ತಪ್ಪು ನಿಮ್ಮದು, ಜನರ ಕಣ್ಣಿಗೆ ಮೂರ್ಖನಾಗಿ ಕಾಣೋನು ಅವನು.

ಬೋಪಣ್ಣ ಅವರ ದೊಡ್ಡ ಆಸ್ತಿ ಸರ್ವ್ ಅಂತ ಎಲ್ಲರೂ ಹೇಳ್ತಾರೆ. ವೇಗ ನಿಜ. ಆದರೆ ಹೇಳಿದ ಜಾಗಕ್ಕೆ ಬೀಳೋ ಸರ್ವ್ ಆಗಿತ್ತು ಅದು. ಅದಕ್ಕೇ ಅಷ್ಟೊಂದು ಬೇರೆ ಬೇರೆ ಜೊತೆಗಾರರು ಅವರ ಜೊತೆ ಆಡಿ ಗೆದ್ದರು. ಡಬಲ್ಸ್‌ನಲ್ಲಿ ಓಟ ಕಡಿಮೆ, ಹಾಗಾಗಿ ವಯಸ್ಸಾದವರಿಗೂ ಜಾಗ ಇದೆ, ಸರಿ. ಆದರೆ ಆ ಜಾಗಕ್ಕೆ ಇಪ್ಪತ್ತರ ಹುಡುಗರ ಕಣ್ಣೂ ಕೈಯೂ ಬೇಕು.

ಮಾದಾಪುರದ ಕಡೆಯವ

ವಯಸ್ಸಿನ ಮಾತು ಬಂತು ಅಂತ ಬರೀತಿದ್ದೇನೆ. ಕೊಡಗಿನ ಕಾಫಿ ತೋಟದ ಮನೆಯಿಂದ ಹೊರಟವರು ಬೋಪಣ್ಣ. ಎಳೆಯ ವಯಸ್ಸಿಗೇ ತರಬೇತಿಗೆ ಪುಣೆಗೆ ಹೋಗಬೇಕಾಯಿತು. 40 ದಾಟುವಾಗ ಎರಡೂ ಮಂಡಿಯಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ದಿನಕ್ಕೆ ನೋವಿನ ಮಾತ್ರೆ ನುಂಗಿ ಆಡ್ತಿದ್ದೆ ಅಂತ ಅವರೇ ಹೇಳಿದ್ದಾರೆ. ಕೋವಿಡ್ ಸಮಯದಲ್ಲಿ ಅಯ್ಯಂಗಾರ್ ಯೋಗ ಶುರು ಮಾಡಿದ ಮೇಲೆ ಕಾಲಿಗೆ ಬಲ ಬಂತು. 2021ರಲ್ಲಿ ಸಾಲು ಸಾಲು ಸೋತು, ಇನ್ನು ಸಾಕು, ಮನೆಗೆ ಹೋಗೋಣ ಅನ್ನೋ ಯೋಚನೆ ಕೂಡ ಬಂದಿತ್ತು. ಅಲ್ಲಿಂದ ಮೂರು ವರ್ಷದೊಳಗೆ ನಂಬರ್ ಒನ್.

ಇಂಥದ್ದನ್ನ "ಬೆಟ್ಟ ಚಿಕ್ಕದು" ಅಂತ ಒಂದು ಸಾಲಲ್ಲಿ ಮುಗಿಸಬೇಡಿ ಭಕ್ತರೇ. ಬೇಜಾರಾಗುತ್ತೆ.

ಕಬ್ಬನ್ ಪಾರ್ಕ್ ಗ್ಯಾಲರಿ

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಡೇವಿಸ್ ಕಪ್ ಬಗ್ಗೆ. ಅಲ್ಲಿ ಆಗ ಒಂದು ಟೈ ಅಂದ್ರೆ ಮೂರು ದಿನ, ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಎರಡು ಟೈ ಸಾಕು.

ಮೊದಲನೆಯದು 2010ರ ಸೆಪ್ಟೆಂಬರ್, ಚೆನ್ನೈ. ಎದುರಾಳಿ ಬ್ರೆಜಿಲ್. ಗೆದ್ದರೆ ವಿಶ್ವ ಗುಂಪಿನಲ್ಲಿ, ಅಂದ್ರೆ ಮೇಲಿನ ಹಂತದಲ್ಲಿ, ಉಳೀತೀವಿ. ಮೊದಲ ದಿನ ಎರಡೂ ಸಿಂಗಲ್ಸ್ ಐದೈದು ಸೆಟ್ ಆಡಿ ಸೋತಿದ್ದೆವು. ಅದರಲ್ಲಿ ಒಂದು ಬೋಪಣ್ಣ ಅವರದೇ, ಬೆಲ್ಲೂಚಿ ಎದುರು. ಎರಡನೇ ದಿನ ಪೇಸ್, ಭೂಪತಿ ಡಬಲ್ಸ್ ಗೆದ್ದರು. ಮೂರನೇ ದಿನ ಸೋಮ್‌ದೇವ್ ದೇವ್‌ವರ್ಮನ್ ಮುಂದಿದ್ದಾಗ ಬೆಲ್ಲೂಚಿ ಆಟ ಬಿಟ್ಟುಕೊಟ್ಟರು. 2-2. ಐದನೇ ಪಂದ್ಯಕ್ಕೆ ಇಳಿದದ್ದು ಬೋಪಣ್ಣ. ಆ ಹೊತ್ತಿಗೆ ಅವರು ಸಿಂಗಲ್ಸ್ ಆಟಗಾರ ಅಂತ ಯಾರೂ ಹೇಳ್ತಿರಲಿಲ್ಲ. ರಿಕಾರ್ಡೊ ಮೆಲೊ ಅವರನ್ನ ನೇರ ಮೂರು ಸೆಟ್‌ಗಳಲ್ಲಿ ಹೊಡೆದರು. 0-2ರಿಂದ 3-2. ಈ ಗೆಲುವು ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಕಾಣುತ್ತೆ ಹೇಳಿ?

ಎರಡನೆಯದು ನಮ್ಮ ಕಬ್ಬನ್ ಪಾರ್ಕ್ ಅಂಗಳದಲ್ಲೇ, 2014ರ ಸೆಪ್ಟೆಂಬರ್. ಸರ್ಬಿಯಾ ಎದುರು. ಜೊಕೊವಿಚ್ ಬಂದಿರಲಿಲ್ಲ, ಆದರೂ ಮೊದಲ ದಿನ 0-2. ಶನಿವಾರ ಪೇಸ್, ಬೋಪಣ್ಣ ಜೋಡಿ. ಎದುರಿಗೆ ಜಿಮೊನ್ಯಿಚ್, ಬೊಜೊಲ್ಯಾಕ್. ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕ್‌ನಲ್ಲಿ ಹೋಯ್ತು. ನನ್ನ ಪಕ್ಕದವರು ಬ್ಯಾಗ್ ಎತ್ತಿಕೊಂಡು ಎದ್ದೇಬಿಟ್ಟಿದ್ದರು. ಮೂರನೇ ಸೆಟ್ ಶುರುವಾದ ಮೇಲೆ ಪೇಸ್ ಪ್ರತಿ ಪಾಯಿಂಟ್ ಆದಮೇಲೂ ಬೋಪಣ್ಣ ಹತ್ರ ಹೋಗಿ ಏನೋ ಹೇಳೋರು, ಎದೆಗೆ ಎದೆ ಕೊಟ್ಟು ಹಾರೋರು. 6-3, 6-3. ಐದನೆಯದು 8-6ಕ್ಕೆ ಹೋಗಿ ಮುಗೀತು. ಅಷ್ಟು ಜೋರಾದ ಕೂಗು ಆ ಅಂಗಳದಲ್ಲಿ ನಾನು ಮತ್ತೆ ಕೇಳಿಲ್ಲ. ಎದ್ದು ಹೊರಟಿದ್ದ ಪಕ್ಕದವರು ಮೆಟ್ಟಿಲ ಮೇಲೆ ನಿಂತೇ ಕೊನೆತನಕ ನೋಡಿದರು.

ಬೇಸ್‌ಲೈನ್ ಭಕ್ತ

ಆ ಟೈ ನಾವು ಸೋತೆವಲ್ಲ ಗ್ಯಾಲರಿಯವರೇ. ಭಾನುವಾರ ಸೋಮ್‌ದೇವ್ ಐದು ಸೆಟ್ ಆಡಿ 2-2 ಮಾಡಿದರು. ಮಳೆಯಿಂದ ಸೋಮವಾರಕ್ಕೆ ಹೋದ ಕೊನೆ ಪಂದ್ಯದಲ್ಲಿ ಯೂಕಿ ಭಾಂಬ್ರಿ ಸೋತರು. ಒಟ್ಟು 2-3. ಅಂದ್ರೆ ಡಬಲ್ಸ್ ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ ತೀರ್ಮಾನ ಮಾಡೋದು ಸಿಂಗಲ್ಸ್.

ಜೊತೆಗೆ ಡೇವಿಸ್ ಕಪ್ ಅನ್ನೇ 2019ರಲ್ಲಿ ಬದಲಾಯಿಸಿದರು. ಕೊನೆಯ ಹಂತ ಒಂದೇ ಊರಲ್ಲಿ, ಮೂರು ಸೆಟ್ ಆಟ, ತವರಿನ ಅಂಗಳ ಇಲ್ಲ. ಹಳೇ ತೂಕ ಅದಕ್ಕೆ ಉಳಿದಿಲ್ಲ.

ಧಾರವಾಡ ಡ್ಯೂಸ್

ಅಲ್ರೀ ಭಕ್ತರ, ಆ ಬದಲಾವಣೆಯಿಂದ ಡಬಲ್ಸ್ ತೂಕ ಜಾಸ್ತಿ ಆಗಿದೆ, ಕಡಿಮೆ ಅಲ್ಲ. ಮೊದಲು ಐದು ಪಂದ್ಯದಾಗ ಒಂದು ಡಬಲ್ಸ್. ಈಗ ಕೊನೆಯ ಹಂತದಲ್ಲಿ ಮೂರರಲ್ಲಿ ಒಂದು, ಅದೂ ಕೊನೆಯದು. 1-1 ಆದರೆ ಎಲ್ಲ ಅದರ ಮೇಲೆ.

2023ರ ಸೆಮಿಫೈನಲ್ ನೆನಪಿದೆಯಾ? ಇಟಲಿ, ಸರ್ಬಿಯಾ, ಮಲಾಗದಲ್ಲಿ. ಸಿನ್ನರ್ ಮೂರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಜೊಕೊವಿಚ್ ಅವರನ್ನ ಸಿಂಗಲ್ಸ್‌ನಲ್ಲಿ ಸೋಲಿಸಿದರು. ಸ್ವಲ್ಪ ಹೊತ್ತಿಗೇ ಡಬಲ್ಸ್‌ಗೆ ಅವರಿಬ್ಬರೂ ಮತ್ತೆ ಎದುರುಬದುರು. ಸಿನ್ನರ್, ಸೊನೇಗೊ ಜೋಡಿ ಗೆದ್ದಿತು. 1976ರ ನಂತರ ಮೊದಲ ಸಲ ಇಟಲಿಗೆ ಕಪ್ ಬಂತು. ಮುಂದಿನ ವರ್ಷವೂ ಅರ್ಜೆಂಟೀನಾ ಎದುರು ಕ್ವಾರ್ಟರ್‌ಫೈನಲ್ ಉಳಿಸಿದ್ದು ಸಿನ್ನರ್, ಬೆರೆಟ್ಟಿನಿ ಡಬಲ್ಸ್. ದೊಡ್ಡ ಸಿಂಗಲ್ಸ್ ಆಟಗಾರರೇ ಇಳಿದು ಡಬಲ್ಸ್ ಆಡ್ತಾರೆ, ಯಾಕಂದ್ರೆ ದೇಶದ ಗೆಲುವು ಅಲ್ಲಿ ಕೂತಿದೆ.

ಆ್ಯಂಡಿ ಮರ್ರಿ ಅವರನ್ನೇ ನೋಡ್ರಿ. ಮೂರು ಗ್ರ್ಯಾಂಡ್‌ಸ್ಲಾಮ್, ಎರಡು ಒಲಿಂಪಿಕ್ ಸಿಂಗಲ್ಸ್ ಚಿನ್ನ. ಆದರೂ 2015ರ ಡೇವಿಸ್ ಕಪ್ ಇಲ್ಲದೆ ಅವರ ಕಥೆ ಪೂರ್ತಿ ಆಗೋದಿಲ್ಲ. ಆ ವರ್ಷ ಎಂಟು ಸಿಂಗಲ್ಸ್, ಅಣ್ಣ ಜೇಮಿ ಜೊತೆ ಮೂರು ಡಬಲ್ಸ್. ಹನ್ನೊಂದಕ್ಕೆ ಹನ್ನೊಂದೂ ಗೆದ್ದರು. 1936ರ ನಂತರ ಬ್ರಿಟನ್‌ಗೆ ಮೊದಲ ಕಪ್. ಕೊನೆಗೆ ಅವರು ವೃತ್ತಿ ಮುಗಿಸಿದ್ದೂ ಪ್ಯಾರಿಸ್ ಒಲಿಂಪಿಕ್ಸ್‌ನ ಡಬಲ್ಸ್ ಆಡಿ.

ಡೆಲ್ ಪೊಟ್ರೊ ಇನ್ನೊಂದು ಉದಾಹರಣೆ. 2009ರ ಯುಎಸ್ ಓಪನ್ ಅವರದು. ಆದರೆ ಅರ್ಜೆಂಟೀನಾ ನಾಲ್ಕು ಡೇವಿಸ್ ಕಪ್ ಫೈನಲ್ ಸೋತ ದೇಶ. 2016ರಲ್ಲಿ ಜಾಗ್ರೆಬ್‌ನಲ್ಲಿ ಎರಡು ಸೆಟ್ ಹಿಂದಿದ್ದವರು ಚಿಲಿಚ್ ಅವರನ್ನ ಸೋಲಿಸಿದರು, ಆಮೇಲೆ ಡೆಲ್‌ಬೊನಿಸ್ ಕೊನೆ ಪಂದ್ಯ ಗೆದ್ದರು. ಆ ಕಪ್ ಡೆಲ್ ಪೊಟ್ರೊ ಹೆಸರಿಗೆ ಕೊಟ್ಟ ಬೆಲೆಯನ್ನ ಇನ್ನೊಂದು ಗ್ರ್ಯಾಂಡ್‌ಸ್ಲಾಮ್ ಕೂಡ ಕೊಡ್ತಿರಲಿಲ್ಲ ಅಂತ ನಾನು ನಂಬ್ತೀನಿ.

ಹಾಸನದ ಪಿಇ ಮೇಷ್ಟ್ರು

ಒಳ್ಳೆ ಚರ್ಚೆ. ಹಳೆಯ ಕಾಲದಿಂದ ಶುರು ಮಾಡ್ತೀನಿ.

ಭಾರತ ಡೇವಿಸ್ ಕಪ್ ಫೈನಲ್‌ಗೆ ಹೋದದ್ದು ಮೂರು ಸಲ. 1966ರಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು. ಸೋತೆವು 1-4. ಆ ಒಂದು ಗೆಲುವು ಯಾವುದು ಗೊತ್ತಾ? ಡಬಲ್ಸ್. ರಾಮನಾಥನ್ ಕೃಷ್ಣನ್, ಜೈದೀಪ್ ಮುಖರ್ಜಿ ಸೇರಿ ನ್ಯೂಕೋಂಬ್, ರೋಚ್ ಅವರನ್ನ ಸೋಲಿಸಿದ್ದು. ಡಬಲ್ಸ್ ಚರಿತ್ರೆಯಲ್ಲೇ ಅತಿ ದೊಡ್ಡ ಜೋಡಿಗಳಲ್ಲಿ ಒಂದು ಅದು. 1974ರಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿ ವಿರೋಧಿಸಿ ನಾವು ಆಡಲೇ ಇಲ್ಲ. ಕಪ್ ಕೈಬಿಟ್ಟೆವು. 1987ರಲ್ಲಿ ಸ್ವೀಡನ್ ಎದುರು ಸೋತೆವು.

ಆಮೇಲೆ ಬಂದವರು ಲಿಯಾಂಡರ್ ಪೇಸ್. ಭಕ್ತರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅವರೇ. ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ ಅವರು ಎಂದೂ ದೊಡ್ಡ ಹೆಸರಲ್ಲ. ಆದರೆ 1993ರಲ್ಲಿ ಫ್ರಾನ್ಸ್‌ನ ಫ್ರೆಜೂಸ್‌ನಲ್ಲಿ, ಅವರದೇ ಮಣ್ಣಿನ ಅಂಗಳದಲ್ಲಿ, ಲೆಕೊಂತ್ ಮತ್ತು ಬೊಯೆಚ್ ಇಬ್ಬರನ್ನೂ ಸೋಲಿಸಿದರು. 1996ರಲ್ಲಿ ಅಟ್ಲಾಂಟಾದಲ್ಲಿ ಸಿಂಗಲ್ಸ್ ಕಂಚು. ಭಾರತದ ಅಂಗಿ ಹಾಕಿದರೆ ಆ ಮನುಷ್ಯ ಬೇರೆಯೇ ಆಗಿಬಿಡ್ತಿದ್ದರು. 2018ರಲ್ಲಿ ಚೀನಾ ಎದುರು ಡೇವಿಸ್ ಕಪ್ ಡಬಲ್ಸ್‌ನ 43ನೇ ಗೆಲುವು ಪಡೆದು ಇಟಲಿಯ ನಿಕೊಲಾ ಪಿಯೆತ್ರಾಂಜೆಲಿ ಅವರ 42ರ ದಾಖಲೆ ಮುರಿದರು. ಅವತ್ತು ಪಕ್ಕದಲ್ಲಿ ಆಡಿದ್ದು ಬೋಪಣ್ಣ.

2024ರಲ್ಲಿ ನ್ಯೂಪೋರ್ಟ್‌ನ ಟೆನಿಸ್ ಹಾಲ್ ಆಫ್ ಫೇಮ್ ಪೇಸ್ ಅವರನ್ನ ಸೇರಿಸಿಕೊಂಡಿತು. ಅದೂ ಆಟಗಾರರ ವಿಭಾಗದಲ್ಲಿ. ಅದೇ ವರ್ಷ ವಿಜಯ್ ಅಮೃತ್‌ರಾಜ್ ಕೂಡ ಸೇರಿದರು, ಆದರೆ ಆಟಕ್ಕೆ ಕೊಡುಗೆ ಕೊಟ್ಟವರ ವಿಭಾಗದಲ್ಲಿ. ಸಿಂಗಲ್ಸ್‌ನಲ್ಲಿ ವಿಜಯ್ ಅವರೇ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆಟಗಾರ ಅಂತ ಒಳಗೆ ಹೋದದ್ದು ಪೇಸ್. 8 ಡಬಲ್ಸ್, 10 ಮಿಕ್ಸೆಡ್ ಗ್ರ್ಯಾಂಡ್‌ಸ್ಲಾಮ್‌ಗಳಿಗೆ ಅಲ್ಲಿನವರು ಕೊಟ್ಟ ಬೆಲೆ ಅದು.

ಬ್ಯಾಕ್‌ಹ್ಯಾಂಡ್ ಹುಡುಗಿ

ಇಷ್ಟು ಹೊತ್ತು ಗಂಡಸರ ಟೆನಿಸ್ ಬಗ್ಗೆ ಮಾತ್ರ ಮಾತು. ಮಹಿಳೆಯರ ಟೆನಿಸ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ.

ಮಾರ್ಟಿನಾ ನವ್ರಾಟಿಲೋವಾ 18 ಸಿಂಗಲ್ಸ್, 31 ಮಹಿಳಾ ಡಬಲ್ಸ್, 10 ಮಿಕ್ಸೆಡ್ ಗೆದ್ದರು. ಒಟ್ಟು 59 ಗ್ರ್ಯಾಂಡ್‌ಸ್ಲಾಮ್. ಬಿಲ್ಲಿ ಜೀನ್ ಕಿಂಗ್ ಅವರದು 39, ಅದರಲ್ಲಿ ಸಿಂಗಲ್ಸ್ 12 ಮಾತ್ರ. ಇವರ ಹಿರಿಮೆ ಹೇಳುವಾಗ ಯಾರೂ ಡಬಲ್ಸ್ ಬಿಟ್ಟು ಹೇಳಲ್ಲ. ಆದರೆ ಸೆರೆನಾ ಕಾಲಕ್ಕೆ ಬಂದರೆ 23 ಸಿಂಗಲ್ಸ್ ಅನ್ನೋ ಒಂದೇ ಅಂಕಿ. ವೀನಸ್ ಜೊತೆ 14 ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಫೈನಲ್ ಆಡಿ 14ನ್ನೂ ಗೆದ್ದರು. ಒಂದೂ ಸೋಲಿಲ್ಲ! ಇದನ್ನ ಎಷ್ಟು ಜನ ಹೇಳ್ತಾರೆ?

ನಮ್ಮ ಸಾನಿಯಾ ಮಿರ್ಜಾ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಏರಿದ್ದರು. ಭಾರತದ ಹುಡುಗಿಗೆ ಅದೇ ಆಕಾಶ. ಮಣಿಕಟ್ಟು, ಮಂಡಿ ಕೈಕೊಟ್ಟವು. ಡಬಲ್ಸ್‌ಗೆ ತಿರುಗಿದರು. ಹಿಂಗಿಸ್ ಜೊತೆ ಸತತ 41 ಪಂದ್ಯ ಗೆದ್ದು, ವಿಂಬಲ್ಡನ್, ಯುಎಸ್, ಆಸ್ಟ್ರೇಲಿಯನ್ ಓಪನ್ ಮೂರನ್ನೂ ಸಾಲಾಗಿ ಎತ್ತಿದರು. ಅದನ್ನ ನೋಡಿ ರ‍್ಯಾಕೆಟ್ ಹಿಡಿದ ಹುಡುಗಿಯರಲ್ಲಿ ನಾನೂ ಒಬ್ಬಳು. ನಮಗೆ ಯಾರಿಗೂ ಅದು "ಬರೀ ಡಬಲ್ಸ್" ಅನ್ನಿಸಲಿಲ್ಲ.

ಬೋಪಣ್ಣ ಅವರ ವಿಷಯಕ್ಕೇ ಬರ್ತೀನಿ. 14ನೇ ವಯಸ್ಸಲ್ಲಿ ತನ್ನ ಮೊದಲ ಮಿಕ್ಸೆಡ್ ಜೊತೆಗಾರ ರೋಹನ್ ಅಂತ ಸಾನಿಯಾ ಹೇಳಿದ್ದಾರೆ. 2023ರ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಫೈನಲ್ ಆಕೆಯ ಕೊನೆಯ ಗ್ರ್ಯಾಂಡ್‌ಸ್ಲಾಮ್ ಪಂದ್ಯ. ಆಗಲೂ ಪಕ್ಕದಲ್ಲಿ ಅವರೇ. ಸೋತರು, ಇಬ್ಬರ ಕಣ್ಣಲ್ಲೂ ನೀರು. ಇಷ್ಟು ವರ್ಷ ಒಬ್ಬರ ಮೇಲೊಬ್ಬರಿಗೆ ಇಂಥ ನಂಬಿಕೆ ಉಳಿಯೋದು ಸುಮ್ನೆ ಅಲ್ಲ.

ಬೇಸ್‌ಲೈನ್ ಭಕ್ತ

ಮೇಷ್ಟ್ರೇ, ಪೇಸ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜೊತೆ ಆಡೋದೇ ಹಿರಿಮೆ ಅಂದ್ರೆ ಜೊತೆ ಮುರಿದದ್ದೂ ಲೆಕ್ಕಕ್ಕೆ ಬರಬೇಕು ತಾನೇ? 1999ರಲ್ಲಿ ಪೇಸ್, ಭೂಪತಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿ ಎರಡು ಗೆದ್ದರು. ಅವರು ಒಟ್ಟಿಗೇ ಇದ್ದಿದ್ದರೆ ಎಲ್ಲಿಗೆ ಮುಟ್ಟುತ್ತಿದ್ದರೋ. 2012ರ ಲಂಡನ್ ಒಲಿಂಪಿಕ್ಸ್‌ಗೆ ಭೂಪತಿ, ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲ್ಲ ಅಂದರು. ಎರಡು ಜೋಡಿ ಹೋದವು, ಪದಕ ಬರಲಿಲ್ಲ. 2017ರಲ್ಲಿ ಬೆಂಗಳೂರಲ್ಲೇ ಉಜ್ಬೇಕಿಸ್ತಾನ ಎದುರು ಪೇಸ್ ದಾಖಲೆಯ ಹೊಸ್ತಿಲಲ್ಲಿದ್ದಾಗ, ನಾಯಕ ಭೂಪತಿ ಅವರನ್ನ ಬಿಟ್ಟು ಬೋಪಣ್ಣ, ಶ್ರೀರಾಮ್ ಬಾಲಾಜಿ ಜೋಡಿ ಆಡಿಸಿದರು.

ಕಬ್ಬನ್ ಪಾರ್ಕ್ ಗ್ಯಾಲರಿ

ಖಂಡಿತ ಲೆಕ್ಕಕ್ಕೆ ಬರಬೇಕು. ಲಂಡನ್ ನನಗೆ ಇವತ್ತಿಗೂ ನೋವು. ಮೂವರಿಗೂ ಅದು ಕಪ್ಪು ಚುಕ್ಕೆ. 2016ರಲ್ಲಿ ರಿಯೋದಲ್ಲಿ ಸಾನಿಯಾ, ಬೋಪಣ್ಣ ನಾಲ್ಕನೇ ಸ್ಥಾನಕ್ಕೆ ನಿಂತದ್ದು ಅದಕ್ಕಿಂತ ದೊಡ್ಡ ನೋವು, ಯಾಕಂದ್ರೆ ಪದಕ ಕೈಗೆ ಎಟುಕೋ ಹಾಗಿತ್ತು. ಒಲಿಂಪಿಕ್ ಪದಕ ಇಲ್ಲದ ಕಾರಣಕ್ಕೇ ನಾನು ಬೋಪಣ್ಣ ಅವರನ್ನ ಪೇಸ್ ಪಕ್ಕದಲ್ಲಿ ಕೂರಿಸಲ್ಲ. ಒಂದು ಮೆಟ್ಟಿಲು ಕೆಳಗೆ.

ಆದರೆ ನೀವು ಮುರಿದ ಜೋಡಿ ಹೇಳಿದಿರಿ, ನಾನು ಕಟ್ಟಿದ ಜೋಡಿ ಹೇಳ್ತೀನಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಆಡಿದ್ದು. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಬ್ರಯಾನ್ ಸಹೋದರರ ಎದುರು ಎರಡು ಟೈಬ್ರೇಕ್‌ಗಳಲ್ಲಿ ಸೋತರು. ಗ್ಯಾಲರಿಯಲ್ಲಿ ಎರಡೂ ದೇಶದ ವಿಶ್ವಸಂಸ್ಥೆ ರಾಯಭಾರಿಗಳು ಅಕ್ಕಪಕ್ಕ ಕೂತು ನೋಡಿದರು. ಮುಂಬೈ ದಾಳಿ ಆಗಿ ಎರಡು ವರ್ಷವೂ ತುಂಬಿರದ ಕಾಲ ಅದು. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಅಂತ ಬರೆದ ಅಂಗಿ ಹಾಕಿಕೊಂಡು ಓಡಾಡಿದರು ಆ ಇಬ್ಬರು. ಒಬ್ಬನೇ ಆಡೋ ಆಟದಲ್ಲಿ ಇದು ಆಗೋಕೆ ಸಾಧ್ಯವೇ ಇರಲಿಲ್ಲ.

ಬೇಸ್‌ಲೈನ್ ಭಕ್ತ

ಅದು ದೊಡ್ಡ ವಿಷಯ, ಒಪ್ತೀನಿ. ನನ್ನ ಮಾತು ಇಷ್ಟೇ: ಡಬಲ್ಸ್ ಪ್ರಶಸ್ತಿ ಮತ್ತು ಸಿಂಗಲ್ಸ್ ಪ್ರಶಸ್ತಿಯನ್ನ ಕೂಡಿ ಒಂದು ಮೊತ್ತ ಮಾಡಬೇಡಿ. ಎರಡು ಬೇರೆ ಪುಸ್ತಕ ಇಡಿ.

ನೆಟ್ ಹತ್ರ

ಎರಡು ಪುಸ್ತಕ ನನಗೂ ಒಪ್ಪಿಗೆ. ಆದರೆ ಡಬಲ್ಸ್ ಪುಸ್ತಕದಲ್ಲಿ ಕೇಳೋ ಪ್ರಶ್ನೆ ಬೇರೆ ಇರಬೇಕು. ಎಷ್ಟು ಕಪ್ ಗೆದ್ದ ಅನ್ನೋದರ ಜೊತೆಗೆ, ಇವನು ಪಕ್ಕದಲ್ಲಿ ನಿಂತಾಗ ಎಷ್ಟು ಜನ ತಮ್ಮ ಜೀವಮಾನದ ಆಟ ಆಡಿದರು ಅಂತ. ದಬ್ರೊವ್‌ಸ್ಕಿ ಅವರ ಮೊದಲ ಗ್ರ್ಯಾಂಡ್‌ಸ್ಲಾಮ್ ಬೋಪಣ್ಣ ಜೊತೆ. ಋತುಜಾ ಭೋಸಲೆ ಅವರ ಏಷ್ಯನ್ ಗೇಮ್ಸ್ ಚಿನ್ನ ಹಾಂಗ್‌ಝೌನಲ್ಲಿ ಅವರ ಜೊತೆ. ದಿವಿಜ್ ಶರಣ್ ಅವರದು 2018ರಲ್ಲಿ ಪಾಲೆಂಬಾಂಗ್‌ನಲ್ಲಿ. ಈ ಪ್ರಶ್ನೆ ಕೇಳಿದರೆ ಬೋಪಣ್ಣ ಎಷ್ಟು ದೊಡ್ಡವರು ಅಂತ ನಿಮಗೇ ಕಾಣುತ್ತೆ.

ಮಾದಾಪುರದ ಕಡೆಯವ

ಒಂದು ಸಂಗತಿ ಯಾರೂ ಹೇಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡೇವಿಸ್ ಕಪ್‌ನಲ್ಲಿ ನಾವು ಸ್ವಿಟ್ಜರ್ಲೆಂಡ್ ಅನ್ನು ಅವರದೇ ಬೀಲ್‌ನಲ್ಲಿ 3-1ರಿಂದ ಸೋಲಿಸಿದೆವು. ಯುರೋಪಿನ ತಂಡವನ್ನ ಅದರ ನೆಲದಲ್ಲಿ ಸೋಲಿಸಿದ್ದು ಮೇಷ್ಟ್ರು ಹೇಳಿದ 1993ರ ಫ್ರೆಜೂಸ್ ಆದಮೇಲೆ ಇದೇ ಮೊದಲು. ಸುಮಿತ್ ನಗಾಲ್ ಎರಡು, ದಕ್ಷಿಣೇಶ್ವರ್ ಸುರೇಶ್ ಒಂದು, ಮೂರೂ ಸಿಂಗಲ್ಸ್. ಸೋತ ಒಂದೇ ಪಂದ್ಯ ಡಬಲ್ಸ್.

ಹಾಸನದ ಪಿಇ ಮೇಷ್ಟ್ರು

ಅದನ್ನೇ ನಾನು ನಮ್ಮ ಶಾಲೆ ಹುಡುಗರಿಗೆ ಹೇಳಿದೆ. ಮೂವತ್ತು ವರ್ಷ ನಾವು ಶನಿವಾರದ ಡಬಲ್ಸ್ ಪಾಯಿಂಟ್ ನಮ್ಮದೇ ಅಂತ ಬರೆದಿಟ್ಟುಕೊಂಡು ಬೇರೆ ಲೆಕ್ಕ ಹಾಕ್ತಿದ್ದೆವು. ಪೇಸ್, ಭೂಪತಿ, ಬೋಪಣ್ಣ ಆ ನೆಮ್ಮದಿ ಕೊಟ್ಟಿದ್ದರು. ಯೂಕಿ 2025ರಲ್ಲಿ ಯುಎಸ್ ಓಪನ್ ಡಬಲ್ಸ್ ಸೆಮಿಫೈನಲ್ ತನಕ ಹೋಗಿದ್ದಾರೆ. ಅವರ ಪಕ್ಕದಲ್ಲಿ ಯಾರು ನಿಲ್ತಾರೆ ಅನ್ನೋದು ಈಗ ತಂಡದ ಮುಂದಿರೋ ಪ್ರಶ್ನೆ. ಬಾಲಾಜಿ ಅಂತ ನನ್ನ ಮತ. ನಿಮ್ಮದು?